ನೆರಳಿಗೆ ಮುಚ್ಚುವ ಚಿಪ್ಪು

ಸುನಂದ ಗಾಜಿನ ತೊಟ್ಟಿಯ ಮೇಲೆ ಮತ್ತೊಮ್ಮೆ ಕೈಯಾಡಿಸಿದಳು. ನೀರಿನೊಳಗಿನ ಚಿಪ್ಪು ಮುಚ್ಚಿಕೊಳ್ಳಲಿಲ್ಲ. ದೀಪಕ್ಕೆ ಅಡ್ಡವಾಗಿ ಸೆರಗು ಹಿಡಿದು ನೋಡಿದಳು, ಗಾಜಿಗೆ ಬೆರಳಿನಿಂದ ಕುಟ್ಟಿ ನೋಡಿದಳು. ಅಂಗೈಯಗಲದ ಚಿಪ್ಪು ಬಾಯಿ ಬಿಟ್ಟುಕೊಂಡೇ ಇತ್ತು. ಅದರ ಅಂಚಿನಲ್ಲಿ ಯಾವಾಗಲೂ ರೇಷ್ಮೆ ರವಿಕೆಯ ತುಂಡಿನಂತೆ ಹರಡಿಕೊಂಡಿರುತ್ತಿದ್ದ ನೀಲಿ ಮಾಂಸ ಬಿಳಿಚಿಕೊಂಡು ಒಳಗೆ ಜೋತು ಬಿದ್ದಿತ್ತು.

ಅವಳು ಆ ಕೋಣೆಗೆ ಬಂದಿದ್ದು ಬೀರುವಿನಿಂದ ಹೊಸ ಪಂಚೆ ತೆಗೆದುಕೊಳ್ಳುವುದಕ್ಕೆ. ಹೊರಗೆ ಶಾಮಿಯಾನದ ಕೆಳಗೆ ಗಂಡ ಗಂಗಾಧರ್ ಮಲಗಿದ್ದ. ಬೆಳಗಿನ ಜಾವ ಇದೇ ತೊಟ್ಟಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದವನು ಹಾಗೆಯೇ ಗೋಡೆಗೊರಗಿ ಹೋಗಿಬಿಟ್ಟಿದ್ದ. ವಕ್ಕಲೇರಿಯ ಡಾಕ್ಟರು ಬಂದು ಎದೆಗೆ ಕೊಳವೆ ಇಟ್ಟು ನೋಡಿ, ಹಾರ್ಟ್ ಅಟ್ಯಾಕ್ ಎಂದು ಹೇಳಿ, ಕಾಫಿಯನ್ನೂ ಕುಡಿಯದೆ ಹೋಗಿದ್ದರು. ಕಾಫಿ ಯಾಕೆ ಬೇಡ ಅಂದರು ಎಂಬುದೇ ಸುನಂದಳಿಗೆ ಆಗಿನಿಂದ ಕೊರೆಯುತ್ತಿತ್ತು.

ಕಿತ್ತಳೆ ಬಣ್ಣದ ಎರಡು ಮೀನುಗಳು ಏನೂ ಆಗದವರ ಹಾಗೆ ಓಡಾಡಿಕೊಂಡಿದ್ದವು. ಕಾಲಿಗೆ ತಣ್ಣಗಾಗಿ ಅವಳು ಕೆಳಗೆ ನೋಡಿದಳು. ತೊಟ್ಟಿಯ ಸುತ್ತ ನೆಲ ಒದ್ದೆಯಾಗಿತ್ತು. ಒರೆಸಿದ ಗುರುತೂ ಇತ್ತು.

ಯಾರೋ ಇಲ್ಲಿಗೆ ಬಂದಿದ್ದಾರೆ.

"ಪಂಚೆ ತರ್ತೀನಿ ಅಂತ ಬಂದೋಳು ಇಲ್ಲೇ ನಿಂತ್ಬಿಟ್ಟೆ ಏನಮ್ಮಾ?" ಎದುರುಮನೆಯ ವೆಂಕಟರತ್ನಮ್ಮ ಬಾಗಿಲಿಗೆ ಬಂದಳು. ಸಾವಿನ ಮನೆಗಳಲ್ಲಿ ಅವಳಿಗೆ ಯಾವ ಕೋಣೆಗೂ ಅಪ್ಪಣೆ ಬೇಕಿರಲಿಲ್ಲ.

"ಅತ್ತೆ, ಇದು ಸತ್ತಿದೆ."

"ಯಾವ್ದು?"

"ಚಿಪ್ಪು."

ವೆಂಕಟರತ್ನಮ್ಮ ಬಗ್ಗಿ ನೋಡಿದಳು. "ದೇವುಡಾ! ಇದಕ್ಕೆ ಜೀವ ಬೇರೆ ಇತ್ತಾ? ನಾನು ಕಲ್ಲು ಅಂತಿದ್ನಲ್ಲೇ."

"ರಾತ್ರಿ ನಾನು ನೋಡ್ದಾಗ ಚೆನ್ನಾಗಿತ್ತು. ನನ್ನ ನೆರಳು ಬಿದ್ದ ತಕ್ಷಣ ಪಟ್ ಅಂತ ಮುಚ್ಕೊಂಡ್ತು. ಮೀನಿಗೆ ಏನೂ ಆಗಿಲ್ಲ ನೋಡಿ. ಇದಕ್ಕೊಂದಕ್ಕೇ ಯಾಕಾಯ್ತು?"

"ಯಜಮಾನ ಹೋದ ದಿನಾನೇ ಇದೂ ಹೋಯ್ತು ಅನ್ನು." ಮುದುಕಿ ದನಿ ತಗ್ಗಿಸಿದಳು. "ರಾತ್ರಿ ಗಂಗಾಧರ ಉಂಡಿದ್ದೆಲ್ಲಿ?"

"ಆದಿಲಕ್ಷ್ಮಿ ಮನೇಲಿ. ನಾನು ಮಾಲೂರಿಂದ ಬರೋದು ತಡ ಆಯ್ತಲ್ಲ."

"ಉಂಡ್ಮೇಲೆ ಈ ನೀರಿಗೆ ಕೈ ಇಟ್ಟಿದ್ನಾ?"

"ದಿನಾ ಇಡ್ತಿದ್ರು."

"ನಾನೇನೂ ಅನ್ನಲ್ಲಮ್ಮ, ನನಗ್ಯಾಕೆ. ಕೈಯಲ್ಲಿದ್ದದ್ದು ನೀರಿಗೆ ಹೋಗಿರುತ್ತೆ, ನೀರಲ್ಲಿದ್ದದ್ದು ಚಿಪ್ಪಿಗೆ ಹೋಗಿರುತ್ತೆ. ಅಷ್ಟೇ."

'ನಾನೇನೂ ಅನ್ನಲ್ಲ' ಎಂದು ಶುರುವಾದ ಮಾತು ಎಷ್ಟು ಮನೆ ಮುರಿದಿದೆಯೋ ಲೆಕ್ಕವಿಲ್ಲ. ವೆಂಕಟರತ್ನಮ್ಮ ಪಂಚೆಯನ್ನು ತಾನೇ ತೆಗೆದುಕೊಂಡು ಹೊರಟುಹೋದಳು. ಸುನಂದ ಗಾಜಿನ ಮುಂದೆಯೇ ನಿಂತಿದ್ದಳು. ಅವಳ ಅಳು ನಿಂತುಹೋಗಿತ್ತು.

*

ತೊಟ್ಟಿ ಈ ಮನೆಗೆ ಬಂದಿದ್ದು ನಾಲ್ಕು ವರ್ಷದ ಹಿಂದೆ. ಗಂಗಾಧರ್ ವೇಮಗಲ್‌ನ ಕಾರ್ಖಾನೆಯೊಂದರಲ್ಲಿ ಹೊರದೇಶದ ಸಾಹೇಬರ ಕಾರು ಓಡಿಸುತ್ತಿದ್ದ. ಸಾಹೇಬರು ಊರಿಗೆ ವಾಪಸು ಹೊರಟಾಗ ತಮ್ಮ ಮನೆಯ ತೊಟ್ಟಿಯನ್ನು ತೋರಿಸಿ, ನೀನು ತೆಗೆದುಕೊಂಡು ಹೋಗುತ್ತೀಯೋ, ಇಲ್ಲಾ ಚರಂಡಿಗೆ ಸುರಿಯಲೋ ಎಂದು ಕೇಳಿದರು. ಗಂಗಾಧರ್ ಅದನ್ನು ಟೊಮೆಟೊ ಸಾಗಿಸುವ ಟೆಂಪೊದಲ್ಲಿ, ಹುಲ್ಲು ಹಾಸಿ, ಮಗುವನ್ನು ಕರೆತರುವ ಹಾಗೆ ತಂದ. ನದಿಯೇ ಇಲ್ಲದ ಜಿಲ್ಲೆ ಇದು. ಇಲ್ಲಿ ಒಬ್ಬ ಸಮುದ್ರ ಸಾಕುತ್ತಾನಂತೆ ಎಂದು ಊರು ಒಂದು ವಾರ ನಕ್ಕು ಸುಮ್ಮನಾಯಿತು.

ಸುನಂದ ಸುಮ್ಮನಾಗಲಿಲ್ಲ. ಅವಳು ಮೊಸರಿನಲ್ಲಿ ಕಲ್ಲು ಹುಡುಕುವವಳು. ಡೈರಿಯವನು ಹಾಲಿನ ಡಿಗ್ರಿ ಕಡಿಮೆ ತೋರಿಸುತ್ತಾನೆಂದು ಅನುಮಾನ, ಬಸ್ಸಿನ ಕಂಡಕ್ಟರು ಚಿಲ್ಲರೆ ನುಂಗುತ್ತಾನೆಂದು ಅನುಮಾನ. ತೊಟ್ಟಿಯ ನೀರಿಗೆ ಬೆರೆಸುವ ಉಪ್ಪು ತರಲು ಗಂಡ ಬೆಂಗಳೂರಿಗೆ ಹೊರಟರಂತೂ ಮುಗಿದೇಹೋಯಿತು.

"ಕೋಲಾರದಲ್ಲಿ ಉಪ್ಪು ಸಿಗಲ್ವಾ? ಉಪ್ಪು ತರೋಕೆ ಯಾರಾದ್ರೂ ಬೆಂಗಳೂರಿಗೆ ಹೋಗ್ತಾರಾ? ನಿಜ ಹೇಳ್ರಿ, ಅಲ್ಲಿ ಯಾರಿದಾರೆ?"

"ಇದು ಸಮುದ್ರದ ಉಪ್ಪು ಕಣೇ."

"ಎಲ್ಲಾ ಉಪ್ಪೂ ಸಮುದ್ರದ್ದೇ!"

ಅವನು ಬಕೆಟ್ಟಿನ ಮುಚ್ಚಳ ತೆಗೆದು ಮುಂದೆ ಇಟ್ಟ. ಸುನಂದ ಚಿಟಿಕೆ ತೆಗೆದು ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿ ನೋಡಿದಳು. ಉಪ್ಪೇ. ಗಂಗಾಧರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಮುಂದೆ ಪ್ರತಿ ಸಲ ಹೊಸ ಬಕೆಟ್ ಬಂದಾಗಲೂ ಅವನೇ ಕರೆಯುತ್ತಿದ್ದ: "ಬಾಮ್ಮ, ಚೆಕಿಂಗ್ ಮಾಡು."

ಚಿಪ್ಪನ್ನು ತೋರಿಸಿಯೂ ಅವನು ಅವಳನ್ನು ಛೇಡಿಸುತ್ತಿದ್ದ. ಬಂದವರನ್ನೆಲ್ಲ ಗಾಜಿನ ಮುಂದೆ ನಿಲ್ಲಿಸಿ, ಕೈ ಅಡ್ಡ ಹಿಡಿಯಿರಿ ಎನ್ನುವನು. ನೆರಳು ಬಿದ್ದದ್ದೇ ತಡ ಚಿಪ್ಪು ಮುಚ್ಚಿಕೊಳ್ಳುತ್ತಿತ್ತು. "ನಮ್ಮ ಸುನಂದನ ತಂಗಿ ಇದು. ನೆರಳು ಕಂಡ್ರೂ ಅನುಮಾನ," ಎಂದು ಕಣ್ಣು ಮಿಟುಕಿಸುವನು.

"ಅಂಥದ್ದನ್ನ ಯಾಕೆ ಸಾಕ್ತೀರಿ ಹಂಗಾರೆ?" ಎಂದು ಅವಳು ಒಂದು ಸಲ ಸಿಡುಕಿದ್ದಳು.

"ಮುಚ್ಕೊಂಡ್ರೆ ಏನಂತೆ? ಅಲ್ಲಾಡ್ದೆ ಕಾಯ್ತಾ ಕೂತ್ರೆ ತೆಗೆಯುತ್ತೆ. ತೆಗೆದಾಗ ನೋಡ್ಬೇಕು ಕಣೇ, ಆ ಬಣ್ಣಾನ."

*

ಮಣ್ಣಿಗೆ ಬಂದವರು ಅಂಗಳದ ತುಂಬ ಇದ್ದರು. ಗೋಡೆಯ ಪಕ್ಕ ಹಂಡೆ, ಕೊಳಗ, ಬಿಂದಿಗೆಗಳು ಬೋರಲಾಗಿ ಬಿದ್ದಿದ್ದವು. ಸಾವಾದ ಮನೆಯಲ್ಲಿ ತುಂಬಿಟ್ಟ ನೀರನ್ನು ಇಟ್ಟುಕೊಳ್ಳುವಂತಿಲ್ಲವೆಂದು ಬೆಳಿಗ್ಗೆಯೇ ಚೆಲ್ಲಿ ಆಗಿತ್ತು. ಬಿಸಿಲೇರುವ ಹೊತ್ತಿಗೆ ಚಿಪ್ಪಿನ ಸುದ್ದಿ ವೆಂಕಟರತ್ನಮ್ಮನ ಬಾಯಿಂದ ಹೊರಟು ಶಾಮಿಯಾನದ ಕೊನೆಯ ಕುರ್ಚಿಯನ್ನು ಮುಟ್ಟಿತ್ತು.

"ಒಂದೇ ದಿನ ಎರಡು ಜೀವ ಅಂದ್ರೆ ಸುಮ್ನೆ ಅಲ್ಲ ಬಿಡು."

"ಮಾಟ ಇರ್ಬೌದಾ?"

"ಮಾಟ ಯಾಕೆ, ಮದ್ದು ಅನ್ನು. ಆ ರೂಮಿಗೆ ಜಗಳ ಇತ್ತಲ್ಲ ಅಣ್ಣ ತಮ್ಮಂದಿರಿಗೆ."

ಜಗಳ ಇದ್ದದ್ದು ನಿಜ. ಮನೆಯನ್ನು ಎರಡು ಭಾಗ ಮಾಡಿಕೊಂಡು ಅಣ್ಣ ಒಂದು ಕಡೆ, ತಮ್ಮ ನಂದೀಶ್ ಒಂದು ಕಡೆ ಇದ್ದರು. ತೊಟ್ಟಿ ಇದ್ದ ನಡುವಿನ ಕೋಣೆ ಯಾರ ಪಾಲಿಗೂ ಪೂರ್ತಿ ಸೇರಿರಲಿಲ್ಲ. ರೇಷ್ಮೆ ಹುಳು ಸಾಕುವ ನಂದೀಶ್‌ಗೆ ತಟ್ಟೆ ಇಡಲು ಜಾಗ ಸಾಲದು. "ಹುಳ ಸಾಕಿದ್ರೆ ಗೂಡು ಬರುತ್ತೆ. ಆ ಚಿಪ್ಪು ಏನು ಕೊಡುತ್ತೆ ಅಣ್ಣಾ?" ಎಂದು ಯುಗಾದಿಯ ದಿನ ಎಲ್ಲರೆದುರು ಕೇಳಿದ್ದ. ಅಂದಿನಿಂದ ಸುನಂದ ಮತ್ತು ನಂದೀಶನ ಹೆಂಡತಿ ಆದಿಲಕ್ಷ್ಮಿಯ ನಡುವೆ ಮಾತು ಕಡಿಮೆಯಾಗಿತ್ತು. ಆದಿಲಕ್ಷ್ಮಿ ಆ ಕೋಣೆಗೆ ಕಾಲಿಡುವುದನ್ನೇ ಬಿಟ್ಟಿದ್ದಳು.

ಸುನಂದ ಹೆಣದ ತಲೆಯ ಬಳಿ ಬಂದು ಕೂತು ಎಲ್ಲವನ್ನೂ ಜೋಡಿಸತೊಡಗಿದಳು. ನಿನ್ನೆ ನಂದೀಶ್ ಹುಳುವಿನ ಮನೆಗೆ ಬ್ಲೀಚಿಂಗ್ ಪೌಡರ್ ಹೊಡೆದಿದ್ದ, ವಾಸನೆ ಇಲ್ಲಿಯವರೆಗೂ ಬಂದಿತ್ತು. ರಾತ್ರಿ ಗಂಡನಿಗೆ ಬಡಿಸಿದವಳು ಆದಿಲಕ್ಷ್ಮಿ. ತಾನು ಬಂದಾಗ "ಊಟ ಆಯ್ತು, ಸೊಪ್ಪಿನ ಸಾರು ಚೆನ್ನಾಗಿತ್ತು" ಎಂದಿದ್ದ. ಒಣ ಮುದ್ದೆ ಕೊಟ್ಟರೂ ಅವನು ಚೆನ್ನಾಗಿತ್ತು ಎನ್ನುವವನೇ. ಆದರೆ ನಿನ್ನೆ ಯಾಕೆ ಎರಡು ಸಲ ಹೇಳಿದ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವಳಿಗೆ ಹೆಣದ ಉಗುರೂ ನೀಲಿಯಾಗಿ ಕಂಡಿತು.

ಆದಿಲಕ್ಷ್ಮಿ ಅಡುಗೆಮನೆಯಿಂದ ಬಂದು ಸುನಂದಳ ಮಗಳು ಮೌನಿಕಾಳ ಕೈಗೆ ಮಜ್ಜಿಗೆ ಲೋಟ ಕೊಟ್ಟಳು. ಅಪ್ಪನ ಕಾಲು ಹಿಡಿದು ಕೂತಿದ್ದ ಹುಡುಗಿ ಕುಡಿಯಲು ಬಾಯಿಗಿಡುವಷ್ಟರಲ್ಲಿ ಸುನಂದ ಲೋಟವನ್ನು ಕಿತ್ತು ಪಕ್ಕಕ್ಕಿಟ್ಟಳು.

"ಬೆಳಿಗ್ಗೆಯಿಂದ ಏನೂ ತಗೊಂಡಿಲ್ಲ ಅಕ್ಕ ಅವಳು."

"ಬೇಡ."

ಆದಿಲಕ್ಷ್ಮಿಯ ಸೀರೆಯ ಅಂಚು ಮೊಣಕಾಲಿನವರೆಗೂ ಒದ್ದೆಯಾಗಿ ಒಣಗಿದ ಗುರುತನ್ನು ಸುನಂದ ನೋಡಿದಳು.

*

ಅಂದು ಬೆಳಗಿನ ಜಾವ ಸುನಂದ ಎದ್ದಾಗ ಪಕ್ಕದಲ್ಲಿ ಗಂಡ ಇರಲಿಲ್ಲ. ನಡುವಿನ ಕೋಣೆಯಿಂದ ನೀಲಿ ಬೆಳಕು ಬರುತ್ತಿತ್ತು. "ಕೆಲಸಕ್ಕೆ ಹೊತ್ತಾಯ್ತು, ಅದರ ಮುಖ ನೋಡಿದ್ದು ಸಾಕು," ಎಂದು ಮಲಗಿದ್ದಲ್ಲಿಂದಲೇ ಕೂಗಿದಳು. ಉತ್ತರ ಬರಲಿಲ್ಲ. ಬೇಕೆಂದೇ ಸುಮ್ಮನಿದ್ದಾನೆ ಎಂದುಕೊಂಡು ಇನ್ನಷ್ಟು ಹೊತ್ತು ಮಲಗಿದಳು. ಆ ಇನ್ನಷ್ಟು ಹೊತ್ತು ಈಗ ಅವಳ ಎದೆಯಲ್ಲಿ ಕಲ್ಲಾಗಿ ಕೂತಿತ್ತು.

ಎದ್ದು ಹೋಗಿ ಭುಜ ಮುಟ್ಟಿದಾಗ ಅವನು ಅವಳ ಮೇಲೆಯೇ ವಾಲಿದ. ಅವಳು ಕಿರುಚಿದ್ದಕ್ಕೆ ಗೋಡೆಯಾಚೆಯಿಂದ ನಂದೀಶ್ ಬರಿಮೈಯಲ್ಲಿ ಓಡಿ ಬಂದ. ಆದಿಲಕ್ಷ್ಮಿ ಬಂದಳು. ಊರು ಬಂತು. ಆಮೇಲೆ ಯಾರು ಯಾರು ಏನು ಕೇಳಿದರು, ತಾನು ಏನೇನು ಹೇಳಿದೆ ಎನ್ನುವುದು ಅವಳಿಗೆ ಸರಿಯಾಗಿ ನೆನಪಿಲ್ಲ.

*

ಮಧ್ಯಾಹ್ನ ಕಳೆದ ಮೇಲೆ ಚಟ್ಟ ಸಿದ್ಧವಾಯಿತು. ತೋಟದಲ್ಲಿ ಗುಂಡಿ ತೋಡಿ ಮುಗಿದಿದೆಯೆಂದು ಫೋನು ಬಂತು. ಮಗನಿಲ್ಲದ ಅಣ್ಣನಿಗೆ ತಮ್ಮನೇ ಮುಂದೆ ನಡೆಯಬೇಕು. ನಂದೀಶ್ ತಲೆಗೆ ನೀರು ಹೊಯ್ದುಕೊಂಡು, ಒದ್ದೆ ಪಂಚೆಯಲ್ಲಿ, ಬೆಂಕಿಯ ಮಡಕೆ ಹಿಡಿದು ನಿಂತ. ನಾಲ್ವರು ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದರು.

"ಎತ್ತಬೇಡಿ," ಎಂದಳು ಸುನಂದ.

ತಮಟೆ ಬಡಿಯುತ್ತಿದ್ದವರು ನಿಲ್ಲಿಸಿದರು.

"ಪೊಲೀಸ್ ಬರೋವರೆಗೂ ಯಾರೂ ಎತ್ತಬೇಡಿ. ಆ ಮಡಕೇನ ಇವರ ತಮ್ಮ ಹಿಡಿಯೋದೂ ಬೇಡ."

ನಂದೀಶನ ಮುಖ ಬೂದಿಯಾಯಿತು. ಮನೆತನದ ಹಿರಿಯ, ಗಂಗಾಧರನ ದೊಡ್ಡಪ್ಪ ಗಂಗುಲಪ್ಪ ಕೋಲೂರಿಕೊಂಡು ಮುಂದೆ ಬಂದ. "ಏನಮ್ಮಾ ಇದು? ಪೊಲೀಸ್ ಬಂದ್ರೆ ಹೆಣ ಕೋಲಾರಕ್ಕೆ ಹೋಗುತ್ತೆ. ಕೊಯ್ತಾರೆ. ನಿನ್ನ ಗಂಡನ್ನ ಹಂಗೆ ಮಾಡಿಸ್ತೀಯಾ?"

"ಮಾಡಿಸ್ತೀನಿ ಮಾವ. ಆ ರೂಮಲ್ಲಿ ಚಿಪ್ಪು ಸತ್ತು ಬಿದ್ದಿದೆ. ಅವರು ಮುಟ್ಟಿದ ನೀರಲ್ಲೇ ಸತ್ತಿದೆ. ಅವರ ಕೈಯಿಂದ್ಲೇ ಏನೋ ಅದಕ್ಕೆ ಹೋಗಿದೆ."

"ಯಾರ ಮೇಲೆ ಅನುಮಾನ ನಿಂಗೆ? ಬಾಯಿಬಿಟ್ಟು ಹೇಳು."

ಸುನಂದ ಆದಿಲಕ್ಷ್ಮಿಯನ್ನು ನೋಡಿದಳು. ಇಡೀ ಅಂಗಳ ಆದಿಲಕ್ಷ್ಮಿಯನ್ನು ನೋಡಿತು.

"ರಾತ್ರಿ ಅವರಿಗೆ ಏನು ಬಡಿಸ್ದೆ?"

"ಮುದ್ದೆ, ಸೊಪ್ಪಿನ ಸಾರು ಅಕ್ಕ," ಎಂದಳು ಆದಿಲಕ್ಷ್ಮಿ. ಏನು ಕೇಳುತ್ತಿದ್ದಾರೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ. "ನಾವೂ ಅದೇ ಉಂಡ್ವಿ." ಆಮೇಲೆ ತಿಳಿಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಷ್ಟರಲ್ಲಿ ಮೌನಿಕಾ ಎದ್ದು ಒಳಗೆ ಓಡಿದ್ದಳು. ಅಪ್ಪನ ಜೊತೆ ಆ ತೊಟ್ಟಿಯ ನೀರು ಬದಲಾಯಿಸಲು ನಿಲ್ಲುತ್ತಿದ್ದವಳು ಅವಳೊಬ್ಬಳೇ. ಸುನಂದ, ಗಂಗುಲಪ್ಪ, ವೆಂಕಟರತ್ನಮ್ಮ ಹಿಂದೆಯೇ ಹೋದರು. ಹುಡುಗಿ ಚಿಪ್ಪನ್ನು ನೋಡಿದಳು, ಬಾಗಿ ನೀರನ್ನು ಮೂಸಿದಳು, ಬೆರಳು ಅದ್ದಿದಳು.

"ಬಾಯಿಗೆ ಇಡ್ಬೇಡ್ವೇ! ವಿಷ ಇರುತ್ತೆ!" ವೆಂಕಟರತ್ನಮ್ಮ ಕಿರುಚಿದಳು.

ಮೌನಿಕಾ ಬೆರಳನ್ನು ಚೀಪಿದ್ದಾಗಿತ್ತು. ಅವಳ ಹುಬ್ಬು ಗಂಟಾಯಿತು. ಮತ್ತೊಮ್ಮೆ ಅದ್ದಿ ಚೀಪಿದಳು.

"ಸಪ್ಪೆ," ಎಂದಳು. "ಅಮ್ಮಾ, ನೀರು ಸಪ್ಪೆ ಇದೆ. ಇದರಲ್ಲಿ ಉಪ್ಪೇ ಇಲ್ಲ ಅನ್ನೋ ಹಂಗಿದೆ. ಸಮುದ್ರದ್ದು ಕಣಮ್ಮಾ ಇದು, ಉಪ್ಪಿಲ್ದೆ ಬದುಕಲ್ಲ. ಮೀನು ಒಂದಷ್ಟು ಹೊತ್ತು ತಡ್ಕೊಳ್ತವೆ, ಇದಕ್ಕಾಗಲ್ಲ. ಯಾರೋ ನೀರು ಬದಲಾಯಿಸಿದಾರೆ."

"ನಾನೇ," ಎಂದು ಬಾಗಿಲಿನಿಂದ ದನಿ ಬಂತು.

ಆದಿಲಕ್ಷ್ಮಿ ಹೊಸಿಲಿನ ಆಚೆಯೇ ನಿಂತಿದ್ದಳು. ಎಲ್ಲರೂ ತಿರುಗಿದಾಗ ಹೆದರಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ನೀನೇ ಹೇಳಿದ್ಯಲ್ಲಕ್ಕ? ಹಂಡೆ ನೀರು, ಬಿಂದಿಗೆ ನೀರು ಚೆಲ್ಲಿ ಬಂದು ಕೇಳ್ದೆ, ಇನ್ನೇನಾದ್ರೂ ಇದೆಯಾ ಅಂತ. 'ಒಂದು ತೊಟ್ಟೂ ಉಳಿಸಬೇಡ, ಸಾವಿನ ನೀರು ಎಲ್ಲಾ ಚೆಲ್ಲು' ಅಂದೆ. ಭಾವ ಹೋಗಿದ್ದೇ ಇದರ ಮುಂದೆ. ಈ ನೀರನ್ನ ಹೆಂಗೆ ಬಿಡೋದು? ನಾಳೆ ಯಾರಿಗಾದ್ರೂ ಏನಾದ್ರೂ ಆದ್ರೆ ಅಂತ ಕೈಗೆಟುಕೋ ಅಷ್ಟೂ ಮೊಗೆದು ಹಾಕ್ದೆ. ಕಲ್ಲು ಮುಟ್ಟಿಲ್ಲ, ಚಿಪ್ಪು ಮುಟ್ಟಿಲ್ಲ, ಮೀನು ಮುಟ್ಟಿಲ್ಲ."

"ಆಮೇಲೆ ಯಾವ ನೀರು ಹಾಕಿದ್ರಿ ಚಿಕ್ಕಮ್ಮ?" ಎಂದು ಮೌನಿಕಾ ಮೆಲ್ಲಗೆ ಕೇಳಿದಳು.

"ಬೋರ್ ನೀರು ಹಾಕ್ಲಿಲ್ಲಮ್ಮ. ನಮ್ಮ ಹಲ್ಲೇ ಕರೆ ಕಟ್ಟಿಸೋ ನೀರು ಅದು. ಊರಿನ ನೀರಿನ ಫಿಲ್ಟರ್ ಹತ್ರ ಹೋಗಿ ಕ್ಯಾನಲ್ಲಿ ತಂದು ಹುಯ್ದೆ. ಭಾವನಿಗೆ ಅದಂದ್ರೆ ಪ್ರಾಣ ಅಲ್ವಾ, ಒಳ್ಳೇ ಸಿಹಿನೀರೇ ಇರ್ಲಿ ಅಂತ." ಅವಳು ಮೂಲೆಯ ಉಪ್ಪಿನ ಬಕೆಟ್ಟಿನ ಕಡೆ ನೋಡಿದಳು. "ಭಾವ ಉಪ್ಪು ಹಾಕೋದನ್ನ ನೋಡಿದ್ದೆ. ಅದು ಅದರ ತಿಂಡಿ ಅನ್ಕೊಂಡಿದ್ದೆ. ನೀರಲ್ಲಿರೋದು ನೀರಿಗೆ ಸಾಯುತ್ತಾ ಅಕ್ಕ?"

ವೆಂಕಟರತ್ನಮ್ಮ ತನಗೆ ಹೊರಗೇನೋ ಕೆಲಸವಿರುವುದನ್ನು ನೆನೆಸಿಕೊಂಡಳು.

ಸುನಂದಳಿಗೆ ಈಗ ನೆನಪಾಯಿತು. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಯಾರೋ ಬಗ್ಗಿ ಏನೋ ಕೇಳಿದರು. ಮುಖ ಎತ್ತದೆ ಹೇಳಿದ್ದಳು: ಒಂದು ತೊಟ್ಟೂ ಉಳಿಸಬೇಡ. ಹೇಳಿದ್ದು ತಾನು, ಮಾಡಿದ್ದು ಆದಿಲಕ್ಷ್ಮಿ. ಅದೂ ಎಂಥ ದಿನ, ಎಷ್ಟು ಭಾರ ಹೊತ್ತುಕೊಂಡು! ತನ್ನ ಮನೆಗೆ ಕೇಡು ಅಂಟದಿರಲಿ ಎಂದು ಕ್ಯಾನು ಹೊತ್ತವಳನ್ನು ತಾನು ಊರ ನಡುವೆ ನಿಲ್ಲಿಸಿ ಕೊಲೆಗಾತಿ ಎಂದಂತಾಯಿತು. ನಾಚಿಕೆಯಿಂದ ಸುನಂದಳ ಕಿವಿ ಕಾದುಹೋಯಿತು. ನೆಲ ಬಾಯಿಬಿಟ್ಟಿದ್ದರೆ ಆಗಲೇ ಇಳಿದುಬಿಡುತ್ತಿದ್ದಳು.

ಅವಳು ಅಂಗಳಕ್ಕೆ ಬಂದಳು. ನಂದೀಶ್ ನಿಂತಲ್ಲಿಯೇ ನಿಂತಿದ್ದ. ಮಡಕೆಯ ಹೊಗೆ ಅವನ ಕಣ್ಣಿಗೆ ಹೋಗುತ್ತಿತ್ತು, ಅವನು ಮುಖ ತಿರುಗಿಸಿರಲಿಲ್ಲ.

"ಈಗ ಹೇಳಿ ಅತ್ತಿಗೆ. ಮಡಕೆ ನಾನು ಹಿಡೀಲಾ, ಬೇಡ್ವಾ?"

"ಹಿಡೀರಿ," ಎಂದಳು ಸುನಂದ. "ನಿಮ್ಮಣ್ಣ ಅವರು."

ತಮಟೆಯ ಸದ್ದು ಮತ್ತೆ ಶುರುವಾಯಿತು. ಗಂಗುಲಪ್ಪ ಚೀಲದೊಳಗೆ ಕೈಹಾಕಿ ಗೊಣಗಿದ. "ಅರಿಶಿನ ಐತೆ, ವಿಭೂತಿ ಐತೆ. ಉಪ್ಪು ಎಲ್ರೋ? ಎರಡೇ ಪ್ಯಾಕೆಟ್ ತಂದಿದ್ದೀರಲ್ಲ, ಗುಂಡಿಗೆ ಇದು ಎಲ್ಲಿ ಸಾಲುತ್ತೆ? ಅಂಗಡಿಗೆ ಓಡ್ರೋ ಯಾರಾದ್ರೂ."

"ಅಂಗಡಿಗೆ ಬೇಡ ಮಾವ," ಎಂದಳು ಸುನಂದ.

ಅವಳು ನಡುವಿನ ಕೋಣೆಗೆ ಹೋಗಿ ತೊಟ್ಟಿಯೊಳಗೆ ಮೊಣಕೈವರೆಗೂ ಕೈ ಇಳಿಸಿದಳು. ನಾಲ್ಕು ವರ್ಷದಲ್ಲಿ ಅದರೊಳಗೆ ಕೈ ಹಾಕಿದ್ದು ಇದೇ ಮೊದಲು. ಚಿಪ್ಪನ್ನು ಕಲ್ಲಿನಿಂದ ಬಿಡಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ಮೀನಿಗೆ ಬೇಕಾದಷ್ಟು ಉಪ್ಪನ್ನು ಮೌನಿಕಾ ತೊಟ್ಟಿಗೆ ಕದಡಿದ ಮೇಲೆ, ಬೆಂಗಳೂರಿನ ಉಪ್ಪಿನ ಬಕೆಟ್ಟನ್ನು ಎಳೆದು ಹೊಸಿಲಿನವರೆಗೆ ತಂದು, ಅಲ್ಲೇ ಕುಸಿದು ಕೂತು ಅಳುತ್ತಿದ್ದ ಆದಿಲಕ್ಷ್ಮಿಯ ಮುಂದೆ ಇಟ್ಟಳು.

"ಒಬ್ಬಳಿಗೆ ಆಗಲ್ಲ," ಎಂದಳು. "ಒಂದು ಕಡೆ ನೀನು ಹಿಡಿ."

*

ತೋಟದ ಹಿಪ್ಪುನೇರಳೆ ಸಾಲಿನ ಪಕ್ಕದಲ್ಲಿ ಗುಂಡಿ. ಗಂಗಾಧರನನ್ನು ಇಳಿಸಿ, ಹೊಸ ಪಂಚೆ ಸರಿಮಾಡಿ, ಮುಖದ ಬಟ್ಟೆ ತೆಗೆದರು. ಸುನಂದ ಕೊಟ್ಟ ಚಿಪ್ಪನ್ನು ಗುಂಡಿಯೊಳಗಿದ್ದ ನಂದೀಶ್ ಕೈಚಾಚಿ ತೆಗೆದುಕೊಂಡ. ಕೇಳದೆಯೇ ಅಣ್ಣನ ಬಲಗೈ ಪಕ್ಕದಲ್ಲಿ ಇಟ್ಟು ಮೇಲೆ ಹತ್ತಿ ಬಂದ.

"ಉಪ್ಪು ಹಾಕಮ್ಮ," ಎಂದ ಗಂಗುಲಪ್ಪ.

ಸುನಂದ ಆದಿಲಕ್ಷ್ಮಿಯ ಕಡೆ ತಿರುಗಿದಳು. "ಬಗ್ಗಿಸು. ಒಂದು ಹರಳೂ ಉಳಿಸಬೇಡ."

ಆದಿಲಕ್ಷ್ಮಿ ಬಕೆಟ್ಟಿಗೆ ಕೈ ಹಚ್ಚಿದವಳು ತಡೆದಳು. ಆ ಮಾತು ಅವಳನ್ನು ಅಲ್ಲೇ ಹಿಡಿದು ನಿಲ್ಲಿಸಿತ್ತು. ಅಕ್ಕನ ಮುಖ ನೋಡಿ, "ಎಲ್ಲಾನೂನಾ ಅಕ್ಕ?" ಎಂದು ಕೇಳಿದಳು. "ನಿಜವಾಗ್ಲೂ?"

"ಎಲ್ಲಾನೂ. ನಾನೇ ಹೇಳ್ತಿದೀನಿ. ನಿನ್ನ ಜೊತೆ ನಾನೂ ಹಾಕ್ತೀನಿ."

ಸುನಂದ ಬಗ್ಗಿ ಬಕೆಟ್ಟಿನಿಂದ ಒಂದು ಹಿಡಿ ತೆಗೆದುಕೊಂಡಳು. ಹಾಕುವ ಮೊದಲು, ರೂಢಿ ಬಿಡದೆ, ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿ ನೋಡಿದಳು. ಉಪ್ಪೇ. ಚೆಕಿಂಗ್ ಆಯ್ತಾ ಎಂದು ಕೇಳಿ ನಗುವವನು ಕೆಳಗೆ ಕಣ್ಣು ಮುಚ್ಚಿ ಮಲಗಿದ್ದ. ಅವಳು ಮುಷ್ಟಿ ಸಡಿಲಿಸಿದಳು.

ಇಬ್ಬರೂ ಸೇರಿ ಬಕೆಟ್ಟನ್ನು ಬಗ್ಗಿಸಿದರು. ಉಪ್ಪು ಬೆಳ್ಳಗೆ ಅವನ ಕಾಲಿನಿಂದ ಎದೆಯವರೆಗೆ ಏರುತ್ತಾ ಹೋಯಿತು. ಇಳಿಬಿಸಿಲಿಗೆ ಗುಂಡಿಯ ಸುತ್ತ ನಿಂತವರ ನೆರಳೆಲ್ಲ ಒಳಗೆ, ಅವನ ಕೈ ಪಕ್ಕದ ಚಿಪ್ಪಿನ ಮೇಲೆ ಬಿದ್ದಿತ್ತು. ಅದು ತೆರೆದೇ ಇತ್ತು.